ದೇಶ ಆಮೇಲೆ, ಮೊದಲು ಸರ್ಟಿಫಿಕೇಟ್ ನೋಡಿ

ಡಿಗ್ರಿಗೆ ಮುಂಚಿನ ಎರಡು ವರ್ಷದ ಓದಿಗೇ ಹೊರದೇಶಕ್ಕೆ ಹೋಗಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ದೇಶ ಒಳ್ಳೆಯದು? ಅಪ್ಪ ಅಮ್ಮಂದಿರೂ ಇದನ್ನೇ ಕೇಳುತ್ತಾರೆ, ಮಕ್ಕಳೂ ಇದನ್ನೇ ಕೇಳುತ್ತಾರೆ. ಸ್ವಲ್ಪ ಹೊತ್ತು ಅದನ್ನು ಪಕ್ಕಕ್ಕಿಡಿ ಅನ್ನುತ್ತೇನೆ ನಾನು. ಅಲ್ಲಿ ಓದಿ ಮುಗಿಸಿದಾಗ ಕೈಗೆ ಯಾವ ಸರ್ಟಿಫಿಕೇಟ್ ಬರುತ್ತದೆ? ಅದನ್ನು ಹಿಡಿದುಕೊಂಡು ಎಲ್ಲೆಲ್ಲಿ, ಯಾವ ಯಾವ ಕೋರ್ಸಿಗೆ ಅರ್ಜಿ ಹಾಕಬಹುದು? ಇದಕ್ಕೆ ಉತ್ತರ ಸಿಕ್ಕರೆ ದೇಶದ ಪ್ರಶ್ನೆ ಅರ್ಧ ತಾನಾಗೇ ಬಗೆಹರಿಯುತ್ತದೆ.

ನಾನೂ ಆ ವಯಸ್ಸಿನಲ್ಲಿ ಮನೆ ಬಿಟ್ಟು, ಬೇರೆ ದೇಶದ ಹಾಸ್ಟೆಲ್‌ನಲ್ಲಿದ್ದು ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅನ್ನುವ ಎರಡು ವರ್ಷದ ಕೋರ್ಸ್, ಓದಿದವಳು. ಆಮೇಲೆ ಅದೇ ದಾರಿ ಹಿಡಿಯುವ ಮಕ್ಕಳ ಜೊತೆ ಕೂತು ಅವರ ಅರ್ಜಿ ಓದುವುದು, ವಿಷಯಗಳ ಪಟ್ಟಿ ನೋಡುವುದು ನನ್ನ ಬದುಕಿನ ಭಾಗವೇ ಆಗಿದೆ. ಇದು ನನ್ನ ಉದ್ಯೋಗವಲ್ಲ. ಆದರೆ ಹದಿನಾರು ವರ್ಷದ ಒಬ್ಬ ಹುಡುಗಿ ಅಥವಾ ಹುಡುಗ ತೆಗೆದುಕೊಳ್ಳುವ ಈ ತೀರ್ಮಾನ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಅದನ್ನು ಬ್ರೋಷರ್‌ನ ಫೋಟೋ ನೋಡಿ ತೆಗೆದುಕೊಳ್ಳುವುದನ್ನು ಕಂಡರೆ ಸಂಕಟವಾಗುತ್ತದೆ.

ಇಂಥ ಕೋರ್ಸ್‌ಗಳು ಯಾಕಿವೆ ಅನ್ನುವುದರಿಂದಲೇ ಶುರು ಮಾಡೋಣ. ಶಾಲೆ ಎಷ್ಟು ವರ್ಷ ಇರಬೇಕು ಅನ್ನುವುದರಲ್ಲಿ ದೇಶಗಳ ನಡುವೆ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳು 13 ವರ್ಷ ಓದಿ ವಿಶ್ವವಿದ್ಯಾಲಯ ಸೇರುತ್ತಾರೆ. ಜಪಾನ್ 12 ವರ್ಷದ ಓದು ಆಗಿರಲೇಬೇಕು ಅನ್ನುತ್ತದೆ. 11 ವರ್ಷಕ್ಕೇ ಶಾಲೆ ಮುಗಿಯುವ ದೇಶದಿಂದ ಬಂದವರು ಅಲ್ಲಿ ಒಂದು ಪೂರ್ವಸಿದ್ಧತಾ ಕೋರ್ಸ್ ಮಾಡಬೇಕಾಗುತ್ತದೆ. ಜರ್ಮನಿ ವರ್ಷಗಳನ್ನಷ್ಟೇ ಎಣಿಸುವುದಿಲ್ಲ, ನಿಮ್ಮ ಸರ್ಟಿಫಿಕೇಟ್ ತಮ್ಮ ಶಾಲೆ ಮುಗಿಸುವ ಅರ್ಹತೆಯಾದ ಆಬಿಟೂರ್‌ಗೆ ಸಮ ಹೌದೋ ಅಲ್ಲವೋ ಅಂತ ತೂಗಿ ನೋಡುತ್ತದೆ. ಈ ವ್ಯತ್ಯಾಸವನ್ನು ತುಂಬಲು ಹುಟ್ಟಿದ್ದು ಒಂದು ಬಗೆಯ ಕೋರ್ಸ್‌ಗಳು. ಇನ್ನೊಂದು ಬಗೆಯವು ಯಾವ ವ್ಯತ್ಯಾಸವನ್ನೂ ತುಂಬಲು ಬಂದವಲ್ಲ. ಅವು ಶಾಲೆಯ ಕೊನೆಯ ಎರಡು ವರ್ಷದ ಓದೇ.

ಈ ಎರಡು ಬಗೆಯನ್ನು ಬೇರೆ ಬೇರೆಯಾಗಿ ನೋಡುವುದು ಬಹಳ ಮುಖ್ಯ. ಐಬಿ ಡಿಪ್ಲೊಮಾ, ಎ ಲೆವೆಲ್, ಕೆನಡಾದ ಪ್ರಾಂತ್ಯಗಳ ಹೈಸ್ಕೂಲ್ ಡಿಪ್ಲೊಮಾ, ಇವೆಲ್ಲ ಶಾಲೆ ಮುಗಿಸಿದ ಸರ್ಟಿಫಿಕೇಟ್‌ಗಳು. ಇವನ್ನು ಹಿಡಿದು ಹಲವು ದೇಶಗಳಿಗೆ ಅರ್ಜಿ ಹಾಕಬಹುದು. ಫೌಂಡೇಶನ್ ಕೋರ್ಸ್‌ಗಳು ಹಾಗಲ್ಲ. ಅವು ಒಂದು ವಿಶ್ವವಿದ್ಯಾಲಯಕ್ಕೋ, ಒಂದಷ್ಟು ವಿಶ್ವವಿದ್ಯಾಲಯಗಳ ಗುಂಪಿಗೋ ಸೇರಿಸುವ ಕೋರ್ಸ್‌ಗಳು. ಮೊದಲನೆಯದು ಯಾವ ಬಸ್ಸಿಗೂ ನಡೆಯುವ ಪಾಸ್, ಎರಡನೆಯದು ಒಂದು ಸ್ಟಾಪ್‌ಗೆ ಮಾತ್ರ ತೆಗೆದ ಟಿಕೆಟ್. ಇಳಿಯುವ ಜಾಗ ಗೊತ್ತಿದ್ದವರಿಗೆ ಟಿಕೆಟ್ ಸಾಕು. ಗೊತ್ತಿಲ್ಲದವರು ಟಿಕೆಟ್ ಕೊಂಡರೆ ಕಷ್ಟ.

ಐಬಿಯ ಬಗ್ಗೆ ನನಗೆ ಮಮತೆ ಜಾಸ್ತಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. 1968ರಲ್ಲಿ ಜಿನೀವಾದಲ್ಲಿ ಶುರುವಾದ ವ್ಯವಸ್ಥೆ ಇದು. ಎರಡು ವರ್ಷ, ಆರು ವಿಷಯ. ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್‌ನಲ್ಲಿ, ಮೂರು ಸ್ಟಾಂಡರ್ಡ್ ಲೆವೆಲ್‌ನಲ್ಲಿ. ಹೈಯರ್‌ಗೆ 240 ಗಂಟೆಯ ಪಾಠ, ಸ್ಟಾಂಡರ್ಡ್‌ಗೆ 150 ಗಂಟೆ ಅಂತ ಲೆಕ್ಕ. ಪ್ರತಿ ವಿಷಯಕ್ಕೂ 7 ಅಂಕ. ಅದರ ಜೊತೆ 4000 ಪದಗಳ ಒಂದು ಸಂಶೋಧನಾ ಪ್ರಬಂಧ, ಜ್ಞಾನ ಅಂದರೇನು ಅಂತ ಪ್ರಶ್ನಿಸುವ ಒಂದು ಪಠ್ಯ, ಮತ್ತೆ ಕಲೆ, ಆಟ, ಸೇವೆಯ ಚಟುವಟಿಕೆ. ಪ್ರಬಂಧ ಮತ್ತು ಆ ಪಠ್ಯ ಸೇರಿ 3 ಅಂಕ. ಒಟ್ಟು 45. ಡಿಪ್ಲೊಮಾ ಸಿಗಲು ಕನಿಷ್ಠ 24 ಬೇಕು, ಜೊತೆಗೆ ಬೇರೆ ಷರತ್ತುಗಳೂ ಇವೆ.

ಅಂಕಿಗಳಲ್ಲಿ ಕಾಣದ ಒಂದು ಸಂಗತಿ ಇದೆ. ಐಬಿಯಲ್ಲಿ ಯಾವುದನ್ನೂ ಪೂರ್ತಿ ಬಿಡಲು ಆಗುವುದಿಲ್ಲ. ಭೌತಶಾಸ್ತ್ರ ಪ್ರಾಣ ಅನ್ನುವ ಹುಡುಗನೂ ಸಾಹಿತ್ಯ ಓದಬೇಕು. ಕಾದಂಬರಿ ಬಿಟ್ಟು ತಲೆ ಎತ್ತದ ಹುಡುಗಿಯೂ ಗಣಿತ ಮಾಡಬೇಕು. ಇದು ಕೆಲವರಿಗೆ ಬಿಡುಗಡೆ, ಕೆಲವರಿಗೆ ಹಿಂಸೆ. ಕೆಲಸಗಳು ಒಂದರ ಮೇಲೊಂದು ಬಂದು ಬೀಳುತ್ತವೆ: ಲ್ಯಾಬ್ ವರದಿ, ಮೌಖಿಕ ಪರೀಕ್ಷೆ, ಪ್ರಬಂಧದ ಕರಡು, ಎಲ್ಲಕ್ಕೂ ಅದದೇ ತಿಂಗಳಲ್ಲಿ ಕೊನೇ ದಿನಾಂಕ. ನನಗೆ ಇದು ಹಿಡಿಸಿತ್ತು. ಆದರೆ ನನ್ನ ಜೊತೆ ಓದಿದ ಕೆಲವರು ತಮಗೆ ಪ್ರೀತಿಯಿದ್ದ ಒಂದು ವಿಷಯದಲ್ಲಿ ಆಳಕ್ಕೆ ಇಳಿಯಲು ಸಮಯವೇ ಸಿಗದೆ ಒದ್ದಾಡಿದ್ದನ್ನು ಹತ್ತಿರದಿಂದ ನೋಡಿದ್ದೇನೆ.

ಅಂಥವರಿಗೆ ಎ ಲೆವೆಲ್ ಇದೆ. ಇಂಗ್ಲೆಂಡಿನಲ್ಲಿ 1951ರಲ್ಲಿ ಬಂದದ್ದು. ಈಗ ಕೇಂಬ್ರಿಜ್ ಇಂಟರ್‌ನ್ಯಾಷನಲ್, ಪಿಯರ್ಸನ್ ಎಡೆಕ್ಸೆಲ್ ಮುಂತಾದ ಪರೀಕ್ಷಾ ಮಂಡಳಿಗಳ ಮೂಲಕ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಮೂರು ವಿಷಯ, ಹೆಚ್ಚೆಂದರೆ ನಾಲ್ಕು. ಅಷ್ಟೇ. ಎರಡು ವರ್ಷ ಬೇರೇನೂ ಇಲ್ಲದೆ ಗಣಿತ, ಹೆಚ್ಚಿನ ಗಣಿತ, ಭೌತಶಾಸ್ತ್ರ ಓದಬಹುದು. ಆದರೆ ಬಹುಪಾಲು ವಿಷಯಗಳಲ್ಲಿ ಪರೀಕ್ಷೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಕೆನಡಾದ ಓಂಟಾರಿಯೊ ಪ್ರಾಂತ್ಯದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರತಿ ಕೋರ್ಸಿನ ಅಂಕದಲ್ಲಿ ಶೇಕಡಾ 70 ವರ್ಷದುದ್ದಕ್ಕೂ ಮಾಡಿದ ಕೆಲಸಕ್ಕೆ, ಕೊನೆಯ ಪರೀಕ್ಷೆ ಅಥವಾ ಯೋಜನೆಗೆ 30. ವಿಶ್ವವಿದ್ಯಾಲಯಗಳು 12ನೇ ತರಗತಿಯ ಆರು ಕೋರ್ಸ್‌ಗಳ ಅಂಕ ನೋಡುತ್ತವೆ. ಪರೀಕ್ಷೆ ದಿನ ಕೈ ನಡುಗುವ, ಆದರೆ ದಿನವೂ ಶ್ರದ್ಧೆಯಿಂದ ಕೆಲಸ ಮಾಡುವ ಮಕ್ಕಳಿದ್ದಾರಲ್ಲ, ಅವರ ಮನೆಯವರಿಗೆ ನಾನು ಈ ವ್ಯವಸ್ಥೆಯ ಬಗ್ಗೆ ತಪ್ಪದೆ ಹೇಳುತ್ತೇನೆ. ಯಾವ ಕೋರ್ಸ್‌ಗೆ ಹೆಸರು ದೊಡ್ಡದು ಅಂತ ಎಲ್ಲರೂ ನೋಡುತ್ತಾರೆ. ನಮ್ಮ ಮಗು ಹೇಗೆ ಕಲಿಯುತ್ತದೆ ಅಂತ ನೋಡುವವರು ಕಡಿಮೆ.

ಇನ್ನು ವಿಷಯಗಳ ಆಯ್ಕೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ನಾನು ಕಂಡ ಬೇಸರಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದ್ದು.

ಕಾಲೇಜಿಗೆ ಸೇರುವಾಗ ಒಂದು ಫಾರಂ ಕೊಡುತ್ತಾರೆ. ಆರು ವಿಷಯಕ್ಕೆ ಟಿಕ್ ಹಾಕಿ ಅಂತ. ಹದಿನೈದು ನಿಮಿಷದಲ್ಲಿ ತುಂಬಬಹುದಾದ ಕಾಗದ ಅದು. ಎರಡು ವರ್ಷ ಆದಮೇಲೆ ಯಾವ ಕೋರ್ಸಿಗೆ ಅರ್ಜಿ ಹಾಕಬಹುದು, ಹಾಕಬಾರದು ಅನ್ನುವುದು ಅಲ್ಲೇ ಬಹುಮಟ್ಟಿಗೆ ನಿಂತುಬಿಡುತ್ತದೆ. ಐಬಿಯ ಗಣಿತವನ್ನೇ ತಗೊಳ್ಳಿ. 2019ರಿಂದ ಅದರಲ್ಲಿ ಎರಡು ದಾರಿ ಇವೆ: ಅನಾಲಿಸಿಸ್ ಅಂಡ್ ಅಪ್ರೋಚಸ್ ಒಂದು, ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್ ಇನ್ನೊಂದು. ಹೆಸರು ಕೇಳಿದರೆ ಎರಡೂ ಒಂದೇ ಥರ ಇವೆ, ಅಲ್ವಾ? ಆದರೆ ಗಣಿತ ಕಡ್ಡಾಯ ಇರುವ ಕೋರ್ಸ್‌ಗಳಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯ ಮೊದಲನೆಯದನ್ನೇ, ಅದೂ ಹೈಯರ್ ಲೆವೆಲ್‌ನಲ್ಲಿ ಕೇಳುತ್ತದೆ. ಜರ್ಮನಿಯಲ್ಲಿ ಐಬಿಗೆ ಮನ್ನಣೆ ಸಿಗಬೇಕಾದರೆ ಯಾವ ವಿಷಯಗಳು ಇರಬೇಕು ಅಂತ ಪ್ರತ್ಯೇಕ ನಿಯಮವೇ ಇದೆ. ಮೂರು ಹೈಯರ್ ವಿಷಯಗಳಲ್ಲಿ ಒಂದಾದರೂ ಗಣಿತ ಅಥವಾ ಭೌತ, ರಸಾಯನ, ಜೀವಶಾಸ್ತ್ರಗಳಲ್ಲೊಂದು ಆಗಿರಬೇಕು ಅನ್ನುವುದು ಅದರಲ್ಲಿ ಸೇರಿದೆ. ಅಂದರೆ 45ಕ್ಕೆ 42 ತೆಗೆದ ಹುಡುಗಿಗೂ, ಹೈಯರ್‌ನಲ್ಲಿ ಇತಿಹಾಸ, ಇಂಗ್ಲಿಷ್, ಅರ್ಥಶಾಸ್ತ್ರ ಇದ್ದ ಮಾತ್ರಕ್ಕೆ, ಅಲ್ಲಿ ತೊಡಕಾಗಬಹುದು. ಬ್ರಿಟನ್ನಿನ ಬಹುಪಾಲು ಮೆಡಿಕಲ್ ಸ್ಕೂಲ್‌ಗಳು ರಸಾಯನಶಾಸ್ತ್ರ ಕೇಳುತ್ತವೆ. ಅದನ್ನು ಹದಿನಾರಕ್ಕೆ ಬಿಟ್ಟರೆ ಹದಿನೆಂಟಕ್ಕೆ ತಂದುಕೊಳ್ಳುವುದು ಸುಲಭವಲ್ಲ.

ಆದ್ದರಿಂದ ನಾನು ಮಕ್ಕಳಿಗೆ ಹೇಳುವುದು, ಹಿಂದಿನಿಂದ ಮುಂದಕ್ಕೆ ಓದಿ ಅಂತ. ಇಷ್ಟವಾಗುವ ನಾಲ್ಕೈದು ಡಿಗ್ರಿ ಕೋರ್ಸ್‌ಗಳನ್ನು ಎರಡು ಮೂರು ದೇಶಗಳಲ್ಲಿ ಹುಡುಕಿ. ಪ್ರತಿಯೊಂದರ ಪ್ರವೇಶದ ಪುಟ ತೆರೆದು ಯಾವ ವಿಷಯ, ಯಾವ ಮಟ್ಟ, ಎಷ್ಟು ಅಂಕ ಅಂತ ಬರೆದುಕೊಳ್ಳಿ. ಆಮೇಲೆ ಅವೆಲ್ಲಕ್ಕೂ ಹೊಂದುವ ವಿಷಯಗಳ ಗುಂಪು ಯಾವುದು ನೋಡಿ. ಮುಂದೇನು ಓದಬೇಕು ಅಂತ ಇನ್ನೂ ಗೊತ್ತಿಲ್ಲದ ಮಕ್ಕಳು ಗಾಬರಿಯಾಗುವುದು ಬೇಡ. ಆ ವಯಸ್ಸಿಗೆ ಗೊತ್ತಿಲ್ಲದಿರುವುದೇ ಸಹಜ. ಅಂಥವರಿಗೆ ಗಣಿತವನ್ನೂ ಒಂದು ವಿಜ್ಞಾನವನ್ನೂ ಉಳಿಸಿಕೊಳ್ಳುವ ಆಯ್ಕೆ ಕ್ಷೇಮ. ಫೌಂಡೇಶನ್‌ಗಿಂತ ಶಾಲೆ ಮುಗಿಸುವ ಸರ್ಟಿಫಿಕೇಟೇ ವಾಸಿ.

ಹಾಗಂತ ಫೌಂಡೇಶನ್ ಕೀಳು ಅಂತ ನಾನು ಹೇಳುತ್ತಿಲ್ಲ. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಸಾವಿರಾರು ವಿದ್ಯಾರ್ಥಿಗಳು ಈ ದಾರಿಯಿಂದಲೇ ಒಳ್ಳೆಯ ವಿಶ್ವವಿದ್ಯಾಲಯ ಸೇರುತ್ತಾರೆ. ಸಾಮಾನ್ಯವಾಗಿ ಒಂದು ವರ್ಷ. ತರಗತಿ ಚಿಕ್ಕದು, ಇಂಗ್ಲಿಷ್ ಬರವಣಿಗೆಗೆ ಪ್ರತ್ಯೇಕ ಗಮನ ಇರುತ್ತದೆ. ಬೇರೆ ಭಾಷೆಯಲ್ಲಿ ಶಾಲೆ ಓದಿದವರಿಗೆ ಇದು ದೊಡ್ಡ ಆಸರೆ. ಆಸ್ಟ್ರೇಲಿಯಾದಲ್ಲಂತೂ ಫೌಂಡೇಶನ್ ಮತ್ತು ಡಿಗ್ರಿ ಎರಡಕ್ಕೂ ಸೇರಿಸಿ ಒಂದೇ ಆಫರ್, ಒಂದೇ ವಿದ್ಯಾರ್ಥಿ ವೀಸಾ ಪಡೆಯುವ ಅನುಕೂಲ ಇದೆ. ಅಲ್ಲಿನ ಶೈಕ್ಷಣಿಕ ವರ್ಷ ಫೆಬ್ರವರಿ-ಮಾರ್ಚಿಗೆ ಶುರುವಾಗುತ್ತದೆ, ಜುಲೈನಲ್ಲೂ ಪ್ರವೇಶ ಇರುತ್ತದೆ.

ನನ್ನ ಕಳವಳ ಇರುವುದು ಅದನ್ನು ಮಾರುವ ಮಾತಿನ ಬಗ್ಗೆ. "ಪ್ರವೇಶ ಗ್ಯಾರಂಟಿ" ಅಂತ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಅದರ ಕೆಳಗಿನ ಷರತ್ತುಗಳನ್ನು ಓದಬೇಕು. ಒಟ್ಟು ಇಷ್ಟು ಅಂಕ, ಇಂಥ ವಿಷಯದಲ್ಲಿ ಇಷ್ಟು, ಇಂಗ್ಲಿಷ್‌ನಲ್ಲಿ ಇಷ್ಟು, ಹಾಜರಿ ಇಷ್ಟು. ಇವೆಲ್ಲ ಆದಾಗ ಮಾತ್ರ ಗ್ಯಾರಂಟಿ. ಒಂದು ಕಡೆ ಸ್ವಲ್ಪ ಕಡಿಮೆಯಾದರೆ ಏನು? ಅದೇ ವಿಶ್ವವಿದ್ಯಾಲಯದ ಬೇರೆ ಕೋರ್ಸ್ ಕೊಡುತ್ತಾರಾ? ಬೇರೆ ವಿಶ್ವವಿದ್ಯಾಲಯಗಳು ಇದನ್ನು ಒಪ್ಪುತ್ತವಾ? ಹೋದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ತಾವು ಬಯಸಿದ ಕೋರ್ಸಿಗೇ ಹೋದರು? ಇವನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ. ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಫೌಂಡೇಶನ್ ಎಲ್ಲ ಕಡೆ ಶಾಲೆ ಮುಗಿಸಿದ ಸರ್ಟಿಫಿಕೇಟ್ ಆಗಿ ಎಣಿಕೆಗೆ ಬರುವುದಿಲ್ಲ. 11ನೇ ತರಗತಿಗೇ ಊರಿನ ಶಾಲೆ ಬಿಟ್ಟು ಫೌಂಡೇಶನ್ ಸೇರಿ, ಕಾರಣಾಂತರದಿಂದ ಡಿಗ್ರಿಗೆ ಹೋಗಲು ಆಗದೆ ಮರಳಿದರೆ, ಕೈಯಲ್ಲಿ 12ನೇ ತರಗತಿಯ ಸರ್ಟಿಫಿಕೇಟೂ ಇಲ್ಲದೆ ಉಳಿಯುವ ಸಾಧ್ಯತೆ ಇದೆ. ಹೊರಗಿನ ಸರ್ಟಿಫಿಕೇಟ್ ತಮ್ಮ ದೇಶದ್ದಕ್ಕೆ ಸಮ ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಸಂಸ್ಥೆಯನ್ನು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ಆರೋಗ್ಯ ಕೆಟ್ಟು ಮಧ್ಯದಲ್ಲೇ ಓದು ನಿಲ್ಲಿಸಿ ಬಂದ ಒಬ್ಬ ಹುಡುಗ ಈ ಕಾರಣಕ್ಕೆ ಮತ್ತೆ ಶಾಲೆಗೆ ಸೇರಬೇಕಾಯಿತು. ತನಗಿಂತ ಚಿಕ್ಕವರ ಜೊತೆ ಆ ಬೆಂಚಿನಲ್ಲಿ ಕೂರಲು ಅವನಿಗೆ ಎಷ್ಟು ಧೈರ್ಯ ಬೇಕಾಯಿತು ಅಂತ ನಾನು ಕಂಡಿದ್ದೇನೆ.

ಜರ್ಮನಿಯ ಸ್ಟುಡಿಯನ್‌ಕೊಲೆಗ್ ಅನ್ನುವ ಪೂರ್ವಸಿದ್ಧತಾ ಕಾಲೇಜುಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಓದುವ ನಮ್ಮಂಥವರಿಗೆ ಗೊತ್ತಿರುವುದು ಕಡಿಮೆ. ಇದನ್ನು ಹೆಚ್ಚು ಜನ ತಿಳಿದುಕೊಳ್ಳಬೇಕು ಅನ್ನುವುದು ನನ್ನ ಆಸೆ. ನಿಮ್ಮ ಶಾಲಾ ಸರ್ಟಿಫಿಕೇಟ್ ಅಲ್ಲಿಯದಕ್ಕೆ ಸಮ ಅಲ್ಲ ಅಂತಾದರೆ, ಎರಡು ಸೆಮಿಸ್ಟರ್ ಇಲ್ಲಿ ಓದಿ ಕೊನೆಯಲ್ಲಿ ಒಂದು ಅರ್ಹತಾ ಪರೀಕ್ಷೆ ಬರೆಯಬೇಕು. ಮುಂದೆ ಏನು ಓದುತ್ತೀರಿ ಅನ್ನುವುದರ ಮೇಲೆ ಗುಂಪು ಬೇರೆ: ಎಂಜಿನಿಯರಿಂಗ್, ಗಣಿತಕ್ಕೆ ಟಿ ಕೋರ್ಸ್, ವೈದ್ಯಕೀಯ ಮತ್ತು ಜೀವಶಾಸ್ತ್ರಕ್ಕೆ ಎಂ, ಅರ್ಥಶಾಸ್ತ್ರಕ್ಕೆ ಡಬ್ಲ್ಯೂ, ಮಾನವಿಕ ವಿಷಯಗಳಿಗೆ ಜಿ. ಸರ್ಕಾರಿ ಸ್ಟುಡಿಯನ್‌ಕೊಲೆಗ್‌ಗಳಲ್ಲಿ ಬೋಧನಾ ಶುಲ್ಕ ಸಾಮಾನ್ಯವಾಗಿ ಇರುವುದಿಲ್ಲ, ಸೆಮಿಸ್ಟರ್‌ಗೆ ಒಂದು ಸಣ್ಣ ವಂತಿಗೆ ಮಾತ್ರ. ಖಾಸಗಿಯವು ಹಣ ತೆಗೆದುಕೊಳ್ಳುತ್ತವೆ.

ಇದಕ್ಕೆ ಬೆಲೆ ಇನ್ನೊಂದು ರೂಪದಲ್ಲಿ ಇದೆ. ಪಾಠ ಜರ್ಮನ್‌ನಲ್ಲಿ. ಸೇರಲು ಪ್ರವೇಶ ಪರೀಕ್ಷೆ, ಅದಕ್ಕೆ ಬಿ1 ಅಥವಾ ಬಿ2, ಅಂದರೆ ಮಧ್ಯಮ ಮಟ್ಟದ ಭಾಷೆ ಬೇಕು. ಕೆಲವು ಗುಂಪುಗಳಿಗೆ ಗಣಿತದ ಪರೀಕ್ಷೆಯೂ ಇರುತ್ತದೆ. ಹಾಗಾಗಿ ಈ ದಾರಿಯ ತಯಾರಿ ಭಾಷೆಯ ತರಗತಿಯಿಂದಲೇ ಶುರುವಾಗಬೇಕು, ಅದೂ ಬಹಳ ಮುಂಚೆ. ನಿಮ್ಮ ಸರ್ಟಿಫಿಕೇಟಿಗೆ ಅಲ್ಲಿ ಎಷ್ಟು ಬೆಲೆ ಅಂತ ಅನಾಬಿನ್ ಅನ್ನುವ ಅಲ್ಲಿನ ದತ್ತಾಂಶ ಕೋಶದಲ್ಲಿ ಯಾರು ಬೇಕಾದರೂ ನೋಡಬಹುದು. ಹಲವು ಕಡೆ ಅರ್ಜಿ ಹೋಗುವುದು ಯೂನಿ-ಅಸಿಸ್ಟ್ ಅನ್ನುವ, ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಸಂಸ್ಥೆಯ ಮೂಲಕ. ಹಣ ಕಡಿಮೆ ಇರುವ, ಆದರೆ ಭಾಷೆ ಕಲಿಯುವ ಹಟ ಇರುವ ಮನೆಯ ಮಕ್ಕಳಿಗೆ ಇಂಥ ಬಾಗಿಲು ಇದೆ ಅಂತ ಯಾರೂ ಹೇಳುವುದೇ ಇಲ್ಲ. ಹೇಳಿದರೆ ಯಾವ ಏಜೆಂಟರಿಗೂ ಕಮಿಷನ್ ಬರುವುದಿಲ್ಲವಲ್ಲ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನವೂ ಹೀಗೆಯೇ ಮರೆಯಲ್ಲಿದೆ. ಪದವಿಗೆ ಆಯ್ಕೆಯಾದವರಿಗೆ ಮೊದಲ ಒಂದು ವರ್ಷ ಭಾಷೆ ಮತ್ತು ಪೂರ್ವಸಿದ್ಧತೆಯ ಪಾಠ. ಅದೂ ಸ್ಕಾಲರ್‌ಶಿಪ್‌ನ ಒಳಗೇ.

ಅಮೆರಿಕದ ಬಗ್ಗೆ ಒಂದೇ ಮಾತು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಅಲ್ಲಿನ ಸರ್ಕಾರಿ ಹೈಸ್ಕೂಲ್‌ನಲ್ಲಿ ಒಟ್ಟು 12 ತಿಂಗಳಿಗಿಂತ ಜಾಸ್ತಿ ಓದುವಂತಿಲ್ಲ, ಅದರ ಪೂರ್ತಿ ಖರ್ಚನ್ನೂ ತುಂಬಬೇಕು. ಖಾಸಗಿ ಶಾಲೆಗಳಿಗೆ ಈ ಮಿತಿ ಇಲ್ಲ. ಒಂದು ವರ್ಷದ ವಿನಿಮಯ ಕಾರ್ಯಕ್ರಮಗಳು ಬೇರೆಯೇ ವಿಚಾರ. ಅವು ಸಂಸ್ಕೃತಿ ತಿಳಿಯಲು ಇರುವುದು, ಅಲ್ಲಿ ಡಿಪ್ಲೊಮಾ ಸಿಗುತ್ತದೆ ಅಂತ ನಂಬಿ ಹೋಗಬಾರದು.

ಈಗ ಅರ್ಜಿಗೆ ಬರೋಣ. ಯುಡಬ್ಲ್ಯೂಸಿ, ಅಂದರೆ ಯುನೈಟೆಡ್ ವರ್ಲ್ಡ್ ಕಾಲೇಜಸ್, ಈ ವಿಚಾರ ಮಾತಾಡುವಾಗ ಬಾರದೆ ಇರುವುದಿಲ್ಲ. 1962ರಲ್ಲಿ ವೇಲ್ಸ್‌ನ ಒಂದು ಹಳೆಯ ಕೋಟೆಯಲ್ಲಿ ಅಟ್ಲಾಂಟಿಕ್ ಕಾಲೇಜ್ ಶುರುವಾಯಿತು. ಅದರ ಹಿಂದೆ ಇದ್ದವರು ಜರ್ಮನಿಯ ಶಿಕ್ಷಣ ಚಿಂತಕ ಕುರ್ಟ್ ಹಾನ್. ಎರಡನೇ ಮಹಾಯುದ್ಧ ಕಂಡ ಆ ತಲೆಮಾರಿಗೆ, ಬೇರೆ ಬೇರೆ ದೇಶದ ಹದಿಹರೆಯದವರು ಒಂದೇ ಕಡೆ ಇದ್ದು ಓದಿದರೆ ಮುಂದೆ ಒಬ್ಬರನ್ನೊಬ್ಬರು ಶತ್ರು ಅಂತ ನೋಡಲಾರರು ಅನ್ನುವ ನಂಬಿಕೆ ಇತ್ತು. ಈಗ ನಾರ್ವೆಯ ಫ್ಲೆಕ್ಕೆ, ಇಟಲಿಯ ದುಯಿನೊ, ಕೆನಡಾದ ವಿಕ್ಟೋರಿಯಾ ಬಳಿ, ಯುದ್ಧ ಕಂಡ ಬೋಸ್ನಿಯಾದ ಮೋಸ್ತಾರ್, ಆಫ್ರಿಕಾದ ಎಸ್ವಾತಿನಿ, ಹೀಗೆ ಹಲವು ಕಡೆ ಇದರ ಕಾಲೇಜುಗಳಿವೆ. ಓದುವುದು ಐಬಿಯೇ.

ಸಾಮಾನ್ಯವಾಗಿ ಇಲ್ಲಿ ನೇರವಾಗಿ ಕಾಲೇಜಿಗೆ ಅರ್ಜಿ ಹಾಕುವುದಿಲ್ಲ. 150ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳಲ್ಲಿ ನ್ಯಾಷನಲ್ ಕಮಿಟಿಗಳಿವೆ, ಅವೇ ಆಯ್ಕೆ ಮಾಡಿ ಕಳಿಸುತ್ತವೆ. ಎಷ್ಟು ನೆರವು ಅನ್ನುವುದು ಮನೆಯ ಪರಿಸ್ಥಿತಿಯ ಮೇಲೆ ನಿಲ್ಲುತ್ತದೆ. ಪೂರ್ತಿ ಶುಲ್ಕ ಕಟ್ಟಬಲ್ಲವರಿಗೆ ಪ್ರತ್ಯೇಕವಾದ ಇನ್ನೊಂದು ಆಯ್ಕೆ ಪ್ರಕ್ರಿಯೆ ಇದೆ. ಹಣವಿಲ್ಲ ಅಂತ ಅರ್ಜಿಯನ್ನೇ ಹಾಕದೆ ಬಿಡುವ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಅವರಿಗಾಗಿಯೇ ಇರುವ ವ್ಯವಸ್ಥೆ ಇದು.

ಅರ್ಜಿಯ ಪ್ರಬಂಧಗಳನ್ನು ಓದುವಾಗ ಒಂದು ಮಾತು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಮಕ್ಕಳು ತಮ್ಮನ್ನು ನಾಯಕರಂತೆ ತೋರಿಸಿಕೊಳ್ಳಲು ಹೊರಡುತ್ತಾರೆ. "ನಾನು ಜಗತ್ತನ್ನು ಬದಲಾಯಿಸಬೇಕು" ಅಂತ ಮೊದಲ ಸಾಲು. ಒಬ್ಬ ಹುಡುಗಿ ಹೀಗೇ ಬರೆದು ತಂದಿದ್ದಳು. ಓದಿ ಮುಗಿಸಿ, "ನಿನಗೆ ಯಾವುದರ ಬಗ್ಗೆ ಯೋಚನೆ ಮಾಡುತ್ತಾ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಅದು ಹೇಳಿದರೆ ನಗ್ತೀರಿ" ಅಂದಳು. ಆಮೇಲೆ ತಾನು ಇರುವೆಗಳು ಸಾಲು ಕಟ್ಟುವುದನ್ನು ನೋಡಿ ಚಿತ್ರ ಬರೆದು ಇಟ್ಟುಕೊಂಡ ನೋಟ್‌ಬುಕ್ ಬಗ್ಗೆ ಹೇಳಿದಳು. ಅಡ್ಡ ಕಡ್ಡಿ ಇಟ್ಟರೆ ಎಷ್ಟು ಹೊತ್ತಿಗೆ ದಾರಿ ಬದಲಾಯಿಸುತ್ತವೆ ಅಂತ ಬರೆದಿಟ್ಟಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ. ಅದನ್ನೇ ಬರೆದಳು. ಆ ಪ್ರಬಂಧದಲ್ಲಿ ಒಬ್ಬ ಮನುಷ್ಯಳು ಕಾಣುತ್ತಿದ್ದಳು. ಆಯ್ಕೆ ಮಾಡುವವರು ಹುಡುಕುವುದೂ ಅದನ್ನೇ ಅಂತ ನನ್ನ ನಂಬಿಕೆ.

ದುಡ್ಡು ಕೊಟ್ಟು ಬರೆಸುವುದು, ಎಐ ಹತ್ತಿರ ಬರೆಸುವುದು ಬೇಡ ಅಂತ ಹೇಳಲು ನನಗೆ ಬೇರೆ ಕಾರಣವಿದೆ. ಸಿಕ್ಕಿಬೀಳುತ್ತೀರಿ ಅನ್ನುವುದು ಒಂದು ಕಡೆ ಇರಲಿ. ತನಗೇನು ಬೇಕು ಅಂತ ಕೂತು ಬರೆಯುವ ಆ ಕೆಲವು ವಾರಗಳಲ್ಲೇ ಮಗುವಿಗೆ ತಾನು ಹೋಗಬೇಕೋ ಬೇಡವೋ ಅನ್ನುವುದು ಸ್ಪಷ್ಟವಾಗುವುದು. ಬೇರೆಯವರು ಬರೆದುಕೊಟ್ಟರೆ ಆ ಯೋಚನೆ ನಡೆಯುವುದೇ ಇಲ್ಲ.

ಶಿಕ್ಷಕರ ಶಿಫಾರಸು ಪತ್ರಕ್ಕೆ ತಿಂಗಳಿಗೆ ಮುಂಚೆಯೇ ಕೇಳಿ. ದೊಡ್ಡ ಹುದ್ದೆಯವರಿಗಿಂತ ನಿಮ್ಮನ್ನು ತರಗತಿಯಲ್ಲಿ ದಿನವೂ ಕಂಡವರ ಪತ್ರ ಒಳ್ಳೆಯದು. ಅಂಕಪಟ್ಟಿ ಇಂಗ್ಲಿಷ್‌ನಲ್ಲಿ ಇಲ್ಲದಿದ್ದರೆ ಪ್ರಮಾಣೀಕೃತ ಅನುವಾದ ಬೇಕು. ಪಾಸ್‌ಪೋರ್ಟಿನ ಹೆಸರೂ ಶಾಲಾ ದಾಖಲೆಯ ಹೆಸರೂ ಒಂದೇ ಇದೆಯಾ ಅಂತ ಮೊದಲೇ ನೋಡಿ, ಇಲ್ಲದಿದ್ದರೆ ತಿದ್ದಿಸಲು ಬಹಳ ಸಮಯ ಹಿಡಿಯುತ್ತದೆ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಎರಡು ವರ್ಷ ಮಾತ್ರ ನಡೆಯುತ್ತದೆ, ಹಾಗಾಗಿ ತೀರಾ ಬೇಗ ಬರೆದು ಪ್ರಯೋಜನವಿಲ್ಲ.

ಸಮಯದ ಲೆಕ್ಕ ಇನ್ನೊಂದು ಕಡೆಯೂ ಜನರನ್ನು ದಾರಿ ತಪ್ಪಿಸುತ್ತದೆ. ಎರಡು ವರ್ಷದ ಕೋರ್ಸ್ ಅಂದರೆ ಎರಡು ವರ್ಷ ಇದೆ ಅಂದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಬಹುಪಾಲು ವೈದ್ಯಕೀಯ ಕೋರ್ಸ್‌ಗಳಿಗೆ ಯುಕಾಸ್ ಅನ್ನುವ ಕೇಂದ್ರ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಹಾಕುವ ಕೊನೆಯ ದಿನ ಅಕ್ಟೋಬರ್ 15. ಉಳಿದ ಬಹುತೇಕ ಕೋರ್ಸ್‌ಗಳಿಗೆ ಜನವರಿ. ಅಂದರೆ ಎರಡನೇ ವರ್ಷದ ಮೊದಲ ಕೆಲವು ವಾರ ಅಥವಾ ತಿಂಗಳುಗಳಲ್ಲೇ ಅರ್ಜಿ ಹೋಗಿರಬೇಕು. ಅಂತಿಮ ಪರೀಕ್ಷೆ ಇನ್ನೂ ಆಗಿಲ್ಲ. ಆಗ ಲೆಕ್ಕಕ್ಕೆ ಬರುವುದು ಶಿಕ್ಷಕರು ಅಂದಾಜಿಸಿ ಕೊಡುವ ಅಂಕ. ಅದು ನಿಂತಿರುವುದು ಮೊದಲ ವರ್ಷದ ಕೆಲಸದ ಮೇಲೆ. ಹೊಸ ದೇಶ, ಹೊಸ ಭಾಷೆ, ಹೊಸ ಹವೆ, ಇವಕ್ಕೆಲ್ಲ ಹೊಂದಿಕೊಳ್ಳುವ ವರ್ಷವೇ ಅಂಕಗಳನ್ನು ತೀರ್ಮಾನಿಸುವ ವರ್ಷವೂ ಆಗಿರುತ್ತದೆ. ಒಂದು ವರ್ಷದ ಫೌಂಡೇಶನ್ ಸೇರಿದವರಿಗಂತೂ ಬೇರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು ಅಂದರೆ ಪೆಟ್ಟಿಗೆ ಬಿಚ್ಚುವ ಮೊದಲೇ ಅದರ ಕೆಲಸ ಶುರುವಾಗುತ್ತದೆ.

ಹಣದ ವಿಚಾರದಲ್ಲಿ ಶುಲ್ಕವನ್ನು ಎಲ್ಲರೂ ನೋಡುತ್ತಾರೆ. ವೀಸಾಗೆ ತೋರಿಸಬೇಕಾದ ಹಣ ಬೇರೆ. ಬ್ರಿಟನ್ನಿನ ವೀಸಾಗೆ ಆ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು, ಒಂದು ದಿನ ಕಡಿಮೆಯಾದರೂ ತೊಂದರೆ. ಜರ್ಮನಿಯಲ್ಲಿ ಹಲವರು ಬ್ಲಾಕ್ಡ್ ಅಕೌಂಟ್, ಅಂದರೆ ಒಮ್ಮೆಲೇ ಎಲ್ಲ ಹಣ ತೆಗೆಯಲು ಬಾರದ ಖಾತೆಯೊಂದರಲ್ಲಿ ಹಣ ಇಟ್ಟು ತಿಂಗಳಿಗೆ ಇಷ್ಟು ಅಂತ ತೆಗೆಯುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಅದರ ಮೊತ್ತ ವಿದ್ಯಾರ್ಥಿಗಳಿಗೆ ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ ಆಯಿತು. ಇಂಥ ಅಂಕಿಗಳು ಬದಲಾಗುತ್ತಾ ಇರುತ್ತವೆ, ಅರ್ಜಿ ಹಾಕುವ ವಾರ ಸರ್ಕಾರದ ಪುಟದಲ್ಲೇ ನೋಡಬೇಕು. ಮತ್ತೆ, ವೀಸಾ ಸಿಗದಿದ್ದರೆ ಕಟ್ಟಿದ ಶುಲ್ಕ ಎಷ್ಟು ವಾಪಸ್ ಬರುತ್ತದೆ? ಮುಂಗಡ ಕಟ್ಟುವ ಮೊದಲು ಈ ಒಂದು ಪ್ರಶ್ನೆ ಕೇಳಿ.

ಏಜೆಂಟರ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಅವರಲ್ಲಿ ಪ್ರಾಮಾಣಿಕರಿದ್ದಾರೆ. ಆದರೆ ಅವರಲ್ಲಿ ಹಲವರಿಗೆ ಸಂಬಳ ಬರುವುದು ವಿದ್ಯಾರ್ಥಿಯನ್ನು ಸೇರಿಸಿಕೊಂಡ ಸಂಸ್ಥೆಯಿಂದ. ಅಂದಮೇಲೆ ಅವರ ಪಟ್ಟಿಯಲ್ಲಿ ಇರುವುದು ಕಮಿಷನ್ ಕೊಡುವ ಸಂಸ್ಥೆಗಳೇ. "ನಿಮಗೆ ಯಾವ ಯಾವ ಸಂಸ್ಥೆಯಿಂದ ಕಮಿಷನ್ ಬರುತ್ತದೆ?" ಅಂತ ಕೇಳುವುದರಲ್ಲಿ ಮುಜುಗರ ಬೇಡ. ಸರಿಯಾದವರು ಉತ್ತರ ಕೊಡುತ್ತಾರೆ.

ಹದಿನೆಂಟು ತುಂಬದವರಿಗೆ ಇನ್ನೂ ಒಂದು ವ್ಯವಸ್ಥೆ ಆಗಬೇಕು. ಆಸ್ಟ್ರೇಲಿಯಾದಲ್ಲಿ ವಸತಿ ಮತ್ತು ಯೋಗಕ್ಷೇಮಕ್ಕೆ ಯಾರು ಹೊಣೆ ಅಂತ ತೋರಿಸದೆ ವೀಸಾ ಸಿಗುವುದಿಲ್ಲ. ಹಲವು ವೇಳೆ ಆ ಹೊಣೆಯನ್ನು ಶಿಕ್ಷಣ ಸಂಸ್ಥೆಯೇ ಹೊತ್ತು ಪತ್ರ ಕೊಡುತ್ತದೆ. ಕೆನಡಾದಲ್ಲಿ ಅಪ್ಪ ಅಮ್ಮ ಜೊತೆಗೆ ಇಲ್ಲದಿದ್ದರೆ, 17 ಆಗದವರಿಗೆ ಅಲ್ಲಿ ನೆಲೆಸಿರುವ ಒಬ್ಬ ಕಸ್ಟೋಡಿಯನ್, ಅಂದರೆ ಮಗುವಿನ ಹೊಣೆ ಹೊರುವ ವಯಸ್ಕರು, ಬೇಕು. ಬ್ರಿಟನ್ನಿನ ಬೋರ್ಡಿಂಗ್ ಶಾಲೆಗಳು ಸಾಮಾನ್ಯವಾಗಿ ಅಲ್ಲೇ ಇರುವ ಗಾರ್ಡಿಯನ್ ಒಬ್ಬರನ್ನು ಕೇಳುತ್ತವೆ, ಅಂಥವರನ್ನು ಒದಗಿಸುವ ಸಂಸ್ಥೆಗಳನ್ನು ಪರಿಶೀಲಿಸಿ ಮನ್ನಣೆ ಕೊಡುವ ಏಜಿಸ್ ಅನ್ನುವ ಸಂಘವೂ ಇದೆ. ಇದನ್ನು ಬರೀ ಫಾರಂ ತುಂಬುವ ಕೆಲಸ ಅಂದುಕೊಳ್ಳಬೇಡಿ. ರಾತ್ರಿ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಹೋದರೆ ಸಹಿ ಹಾಕುವವರು ಇವರೇ. ರಜೆಯಲ್ಲಿ ಹಾಸ್ಟೆಲ್ ಮುಚ್ಚಿದಾಗ ಮಗು ಇರುವುದೂ ಇವರು ಮಾಡಿದ ವ್ಯವಸ್ಥೆಯಲ್ಲೇ. ಅವರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಿ, ಮಗುವನ್ನೂ ಮಾತಾಡಿಸಿ.

ಎಲ್ಲಕ್ಕಿಂತ ಹೆಚ್ಚಾಗಿ, ಈಗ ಅಲ್ಲಿ ಓದುತ್ತಿರುವ ಒಬ್ಬರಿಬ್ಬರನ್ನು ಹುಡುಕಿ ಮಾತಾಡಿ. ಸಂಸ್ಥೆ ತಾನೇ ಆರಿಸಿ ಮುಂದೆ ತರುವವರ ಜೊತೆ ಮಾತ್ರ ಅಲ್ಲ. ವಾರಾಂತ್ಯದಲ್ಲಿ ಏನು ಮಾಡುತ್ತೀರಿ, ಊಟದ ಮೇಜಿನಲ್ಲಿ ಯಾರ ಜೊತೆ ಕೂರುತ್ತೀರಿ, ಮನಸ್ಸು ಸರಿಯಿಲ್ಲದಾಗ ಯಾರ ಹತ್ತಿರ ಹೋಗುತ್ತೀರಿ ಅಂತ ಕೇಳಿ. ನನಗೆ ಮೊದಲ ಚಳಿಗಾಲ ಕಷ್ಟವಾಗಿತ್ತು. ಮಧ್ಯಾಹ್ನಕ್ಕೇ ಕತ್ತಲಾಗುತ್ತಿತ್ತು, ತರಗತಿಯಲ್ಲಿ ಎಲ್ಲರೂ ಮಾತಾಡುವ ವೇಗಕ್ಕೆ ನನ್ನ ಇಂಗ್ಲಿಷ್ ಓಡುತ್ತಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದವರು ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಶಿಕ್ಷಕಿ. ಆಗಾಗ ಬಾಗಿಲು ತಟ್ಟಿ, ಓದಿನ ವಿಚಾರ ಎತ್ತದೆ ಸುಮ್ನೆ ಬಂದು ಕೂರುತ್ತಿದ್ದರು. ಅಂಥವರು ಇದ್ದಾರಾ ಅಂತ ಯಾವ ರ‍್ಯಾಂಕಿಂಗ್ ಪಟ್ಟಿಯೂ ಹೇಳುವುದಿಲ್ಲ. ಅಲ್ಲಿರುವ ಮಕ್ಕಳು ಹೇಳುತ್ತಾರೆ.

ಇದೆಲ್ಲ ವಿಚಾರಿಸಿದ ಮೇಲೆ ಈಗ ಬೇಡ, ಊರಲ್ಲೇ ಶಾಲೆ ಮುಗಿಸಿ ಡಿಗ್ರಿಗೆ ಹೋಗುತ್ತೇನೆ ಅಂತ ಮಗು ಹೇಳಿದರೆ ಅದೂ ಒಳ್ಳೆಯ ತೀರ್ಮಾನವೇ. ಹಾಗೆ ಹೇಳಿದ ಕೆಲವರು ಹದಿನೆಂಟಕ್ಕೆ ಹೋಗಿ ಚೆನ್ನಾಗಿ ನೆಲೆಯೂರಿದ್ದಾರೆ.

ಹೋಗುವವರು ಪ್ರವೇಶ ಸಿಕ್ಕಿತು ಅಂತ ವಿಷಯಗಳ ಪಟ್ಟಿಯನ್ನು ಮುಚ್ಚಿಡಬೇಡಿ. ತರಗತಿ ಶುರುವಾದ ಮೊದಲ ಕೆಲವು ವಾರ ಬಹಳಷ್ಟು ಕಡೆ ವಿಷಯ ಅಥವಾ ಮಟ್ಟ ಬದಲಾಯಿಸಲು ಅವಕಾಶ ಇರುತ್ತದೆ. ಆಮೇಲೆ ಆ ಅವಕಾಶ ಇರುವುದಿಲ್ಲ. ಕೊನೆಯ ದಿನ ಯಾವುದು ಅಂತ ಮೊದಲ ವಾರವೇ ಕೇಳಿಟ್ಟುಕೊಳ್ಳಿ. ಪ್ರತಿ ವಿಷಯದ ಒಂದೆರಡು ಹಳೆಯ ಪ್ರಶ್ನೆಪತ್ರಿಕೆ ನೋಡಿ. ಹೈಯರ್ ಗಣಿತ ಭಾರ ಅನ್ನಿಸಿದರೆ ಬಿಡುವ ಮೊದಲು, ನೀವು ಬರೆದಿಟ್ಟುಕೊಂಡ ಡಿಗ್ರಿಗಳ ಪಟ್ಟಿಯಲ್ಲಿ ಯಾವುವು ಅದನ್ನು ಕೇಳುತ್ತವೆ ಅಂತ ಇನ್ನೊಮ್ಮೆ ತೆರೆದು ನೋಡಿ. ಆಮೇಲೆ ಕೋರ್ಸ್ ಸಂಯೋಜಕರ ಹತ್ತಿರ ಹೋಗಿ ಮಾತಾಡಿ.